ಕಾರ್ಮಿಕ ಸಂಘದ ಬೇಡಿಕೆಯನ್ನು ಸದನಕ್ಕೆ ಮುಟ್ಟಿಸುವುದು ಹೇಗೆ? ಮುಂಬೈ, ಪುಣೆ, ಗೋವೆಯ ಕನ್ನಡಿಗರಿಗೊಂದು ಮಾರ್ಗದರ್ಶಿ

ಅಂಧೇರಿಯಲ್ಲಿ 14 ಜನ ಕೆಲಸ ಮಾಡುವ ಒಂದು ಹೋಟೆಲ್ ಇದೆ ಅಂದುಕೊಳ್ಳಿ. ಅಡುಗೆ ಭಟ್ಟರು ಇಬ್ಬರು, ಮಾಣಿಗಳು ಏಳು, ಕ್ಲೀನರ್‌ಗಳು ನಾಲ್ಕು, ಗಲ್ಲಾದಲ್ಲಿ ಒಬ್ಬರು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆಲ್ಲ ಅನ್ವಯಿಸುವಂತೆ ಜಾರಿಗೆ ಬಂತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿಸಿದರೆ ಇಮ್ಮಡಿ ಕೂಲಿ, ವಾರಕ್ಕೊಂದು ರಜೆ, ವರ್ಷಕ್ಕೆ 8 ಸಾಂದರ್ಭಿಕ ರಜೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 10ನ್ನು 20 ಮಾಡಲು, 9 ಗಂಟೆಯನ್ನು 10 ಮಾಡಲು ಒಪ್ಪಿಗೆ ಕೊಟ್ಟಿತು. ಒಂದೇ ಒಂದು ಅಂಕಿ ತಿದ್ದಿದರೆ ಸಾಕು, ಆ 14 ಜನರೂ ಈ ರಕ್ಷಣೆಯಿಂದ ಆಚೆ. ಸಂಘದ ಸದಸ್ಯತ್ವದ ರಸೀದಿ ಜೇಬಿನಲ್ಲೇ ಇರುತ್ತದೆ, ಆದರೆ ಸಂಘಕ್ಕೆ ಹಿಡಿದು ಕೇಳಲು ಕಲಂ ಇರುವುದಿಲ್ಲ.

ಮೇ 1ರಂದು ಯಾವ ಪಕ್ಷವೂ ಕಾರ್ಮಿಕ ವಿರೋಧಿ ಎಂದು ಬಾವುಟದ ಮೇಲೆ ಬರೆದುಕೊಂಡು ಬರುವುದಿಲ್ಲ. (ಮುಂಬೈಯಲ್ಲಿ ಅದು ಮಹಾರಾಷ್ಟ್ರ ದಿನವೂ ಹೌದು, ಹಾಗಾಗಿ ಭಾಷಣ ಎರಡು ಪಾಲು.) ಪಕ್ಷದ ನಿಜಬಣ್ಣ ತಿಳಿಯುವುದು ಇಂಥ ಅಂಕಿ ಬದಲಾಗುವ ದಿನ. ಅದರ ಶಾಸಕರು ಆವತ್ತು ಸದನದಲ್ಲಿದ್ದರೇ, ತಿದ್ದುಪಡಿ ಮಂಡಿಸಿದರೇ, ಮತಕ್ಕೆ ಹಾಕಿಸಿದರೇ? ಪಕ್ಷದ ಕಾರ್ಮಿಕ ಘಟಕದಲ್ಲಿರುವವರು ಶಾಸಕರಿಂದ ಏನು ಮಾಡಿಸಬೇಕು, ಸಂಘದವರು ಏನು ಕೈಯಲ್ಲಿ ಹಿಡಿದು ಹೋಗಬೇಕು ಎನ್ನುವುದನ್ನು ಕೆಳಗೆ ಕ್ರಮವಾಗಿ ಹೇಳಿದೆ.

ಅಧಿಕಾರ ಯಾರ ಕೈಯಲ್ಲಿದೆ?

ಕಾರ್ಮಿಕ ಸಂಘಗಳು ಮತ್ತು ಕೈಗಾರಿಕಾ ವಿವಾದ ಸಂವಿಧಾನದ ಸಮವರ್ತಿ ಪಟ್ಟಿಯ 22ನೇ ನಮೂದು. ಸಾಮಾಜಿಕ ಭದ್ರತೆ 23, ಕಾರ್ಮಿಕ ಕಲ್ಯಾಣ 24. ದಿಲ್ಲಿಗೂ ಕಾಯ್ದೆ ಮಾಡುವ ಹಕ್ಕಿದೆ, ಮುಂಬೈಯ ವಿಧಾನ ಭವನಕ್ಕೂ ಇದೆ, ಪೊರ್ವರಿಯಲ್ಲಿರುವ ಗೋವೆಯ ವಿಧಾನಸಭೆಗೂ ಇದೆ. ಎರಡು ಕಾಯ್ದೆಗಳು ಒಂದಕ್ಕೊಂದು ಅಡ್ಡ ಬಂದರೆ 254ನೇ ವಿಧಿಯ ಪ್ರಕಾರ ಕೇಂದ್ರದ್ದೇ ನಿಲ್ಲುತ್ತದೆ. ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದರೆ ಮಾತ್ರ ಆ ರಾಜ್ಯದ ಮಟ್ಟಿಗೆ ಅದು ಉಳಿದುಕೊಳ್ಳುತ್ತದೆ.

ಹಾಗಾಗಿ ಬೇಡಿಕೆ ಬರೆಯುವ ಮೊದಲೇ ಅದನ್ನು ಮೂರು ಬುಟ್ಟಿಗಳಲ್ಲಿ ಒಂದಕ್ಕೆ ಹಾಕಿ. ಸಂಸತ್ತು ಅಥವಾ ರಾಷ್ಟ್ರಪತಿಗಳ ಅಂಕಿತ ಬೇಕಾದವು ಒಂದು ಬುಟ್ಟಿ. ಅಂಗಡಿ ಕಾಯ್ದೆ, ಕಲ್ಯಾಣ ಮಂಡಳಿಗಳಂತೆ ರಾಜ್ಯ ತಾನೇ ತಿದ್ದಬಹುದಾದವು ಇನ್ನೊಂದು. ಮಸೂದೆಯೇ ಬೇಡ, ನಿಯಮ, ಅಧಿಸೂಚನೆ ಅಥವಾ ಒಂದು ಜಿ.ಆರ್. (ಸರ್ಕಾರಿ ಆದೇಶ) ಸಾಕು ಎನ್ನುವವು ಮೂರನೆಯದು. ಬೇಗ ಫಲ ಕೊಡುವುದು ಈ ಮೂರನೆಯದೇ, ಎಲ್ಲರೂ ಮರೆಯುವುದೂ ಇದನ್ನೇ. ‘ಹೊಸ ಕಾಯ್ದೆ ತರುತ್ತೇವೆ’ ಎಂದರೆ ಚಪ್ಪಾಳೆ ಬೀಳುತ್ತದೆ. ‘ನಿಯಮ 6ರಲ್ಲಿ ಎರಡು ಪದ ಸೇರಿಸುತ್ತೇವೆ’ ಎಂದರೆ ಯಾರು ತಟ್ಟುತ್ತಾರೆ?

ಸಂಘದ ಮಾನ್ಯತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಮಹಾರಾಷ್ಟ್ರದಲ್ಲಿ 1971ರ ಕಾಯ್ದೆಯೊಂದಿದೆ, ಸಂಘಗಳ ಮಾನ್ಯತೆ ಮತ್ತು ಅನುಚಿತ ಕಾರ್ಮಿಕ ವರ್ತನೆಗಳ ತಡೆಗೆ ಮಾಡಿದ್ದು. 50ಕ್ಕಿಂತ ಕಡಿಮೆಯಿಲ್ಲದ ಕಾರ್ಮಿಕರಿರುವ ಕಡೆ, ಆರು ತಿಂಗಳ ಕಾಲ ಶೇ 30 ಸದಸ್ಯತ್ವ ತೋರಿಸಿದ ಸಂಘ ಕೈಗಾರಿಕಾ ನ್ಯಾಯಾಲಯಕ್ಕೆ ಹೋಗಿ ಮಾನ್ಯತೆ ಕೇಳಲು ಅದು ದಾರಿ ಮಾಡಿತು. ಗೋವೆಗೆ ಈ ಕಾಯ್ದೆ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬೇರೆ ಲೆಕ್ಕ ಹೇಳುತ್ತದೆ. ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಜನರ ಬೆಂಬಲ ಇದ್ದರೆ ಆ ಸಂಘವೊಂದೇ ಮಾಲೀಕರೊಂದಿಗೆ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟು ಸಿಗದಿದ್ದರೆ ಮಾತುಕತೆ ಮಂಡಳಿ ರಚನೆ. ಅದರಲ್ಲಿ ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿ, ಉಳಿಕೆಗೂ ಒಬ್ಬ; ಆದರೆ ಶೇ 20 ಮುಟ್ಟದ ಸಂಘಕ್ಕೆ ಜಾಗವೇ ಇಲ್ಲ.

ಇದನ್ನು ಅಂಕಿಯಲ್ಲಿ ನೋಡಿ. ಪುಣೆ ಬಳಿಯ ಚಾಕಣದ ಒಂದು ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ 400 ಹೆಸರು. ಒಂಟಿ ಮಾನ್ಯತೆಗೆ 204 ಜನ ಬೇಕು. ಮೊದಲ ಸಂಘದಲ್ಲಿ 170, ಎರಡನೆಯದರಲ್ಲಿ 90, ಮೂರನೆಯದರಲ್ಲಿ 60 ಜನ ಇದ್ದರೆ ಮೊದಲನೆಯದಕ್ಕೆ ಮೂರು ಕುರ್ಚಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಸೊನ್ನೆ. ಆ 60 ಜನ ಗುತ್ತಿಗೆಯವರೇ ಆಗಿದ್ದರೆ ಅವರ ಪರವಾಗಿ ಮೇಜಿನ ಮುಂದೆ ಯಾರೂ ಇಲ್ಲ. ಇನ್ನೊಂದು ತೊಡಕು: ಗುತ್ತಿಗೆ ಕಾರ್ಮಿಕರ ಹೆಸರು ಸಾಮಾನ್ಯವಾಗಿ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿರುತ್ತದೆ. ಯಾವ ಪುಸ್ತಕ ಹಿಡಿದು ಲೆಕ್ಕ ಹಾಕುತ್ತಾರೆ ಎನ್ನುವುದರ ಮೇಲೆ ಶೇಕಡವಾರು ಆಚೀಚೆ ಆಗುತ್ತದೆ.

ಹಾಗಾದರೆ ಪಕ್ಷ ಎಲ್ಲಿ ಕೈ ಹಾಕಬೇಕು? 51ನ್ನು 40 ಮಾಡಲು ಸಂಸತ್ತಿಗೋ ರಾಷ್ಟ್ರಪತಿ ಭವನಕ್ಕೋ ಹೋಗಬೇಕು; ವರ್ಷಗಳ ಕೆಲಸ. ಆದರೆ ಬೆಂಬಲವನ್ನು ಪರಿಶೀಲಿಸುವ ವಿಧಾನವನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ಖಾಸಗಿ ಕಾರ್ಖಾನೆ, ಹೋಟೆಲುಗಳ ಮಟ್ಟಿಗೆ ಆ ನಿಯಮ ಮಾಡುವುದು ರಾಜ್ಯ ಸರ್ಕಾರ. ರಹಸ್ಯ ಮತದಾನ ನಡೆಯಬೇಕು, ಮತದಾನ ಕಾರ್ಖಾನೆಯ ಆವರಣದಲ್ಲೇ ಕೆಲಸದ ಹೊತ್ತಿನಲ್ಲೇ ಆಗಬೇಕು, ಹಾಜರಿ ಪಟ್ಟಿಯ ಪ್ರತಿ ಎಲ್ಲ ಸಂಘಗಳಿಗೂ ಇಂತಿಷ್ಟು ದಿನ ಮುಂಚೆ ಸಿಗಬೇಕು, ಇಷ್ಟು ದಿನದೊಳಗೆ ಅಧಿಕಾರಿ ತೀರ್ಮಾನ ಕೊಡಬೇಕು ಎಂಬುದನ್ನೆಲ್ಲ ನಿಯಮದಲ್ಲಿ ಬರೆಸಬಹುದು. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 30 ಅಥವಾ 45 ದಿನ ಕೊಡುತ್ತಾರೆ. ಎಷ್ಟೆಂಬುದು ಅಧಿಸೂಚನೆಯಲ್ಲೇ ಇರುತ್ತದೆ. ಆ ಅವಧಿಯಲ್ಲಿ ಹೋದ ಒಂದು ಪುಟದ ಆಕ್ಷೇಪಣೆಗೆ ಆಮೇಲೆ ಆಜಾದ್ ಮೈದಾನದಲ್ಲಿ ಕೂತ ಹತ್ತು ದಿನಕ್ಕಿಂತ ಬೆಲೆ ಹೆಚ್ಚು.

ಅಂಕಿಗಳ ದಿಕ್ಕನ್ನೂ ಗಮನಿಸಿ. ಕಾರ್ಮಿಕರನ್ನು ತೆಗೆದುಹಾಕಲು, ಕಾರ್ಖಾನೆ ಮುಚ್ಚಲು ಮೊದಲೇ ಸರ್ಕಾರದ ಅನುಮತಿ ಬೇಕಾಗುವ ಮಿತಿ ಸಂಹಿತೆಯಲ್ಲಿ 300. ಅದನ್ನು ‘ಇನ್ನೂ ಹೆಚ್ಚಿನ ಸಂಖ್ಯೆ’ಗೆ ಏರಿಸಲು ಬರೀ ಅಧಿಸೂಚನೆ ಸಾಕು, ಇಳಿಸಲು ಶಾಸನವೇ ಬೇಕು. ಸ್ಥಾಯಿ ಆದೇಶಗಳ (ಕೆಲಸದ ಷರತ್ತು, ಶಿಸ್ತುಕ್ರಮದ ಲಿಖಿತ ನಿಯಮಗಳ) ಮಿತಿಯೂ ಈಗ 300. ಮಹಾರಾಷ್ಟ್ರದಲ್ಲಿ ಹಿಂದೆ ಅದು 50 ಇತ್ತು. ಪಿಂಪ್ರಿ-ಚಿಂಚವಾಡದ ಭೋಸರಿಯಂಥ ಕಡೆ 80, 120, 200 ಜನರ ಘಟಕಗಳೇ ಹೆಚ್ಚು. ಅಲ್ಲಿ ವಿಚಾರಣೆ ಇಲ್ಲದೆ ಕೆಲಸದಿಂದ ತೆಗೆಯುವುದನ್ನು ತಡೆಯುತ್ತಿದ್ದ ಲಿಖಿತ ನಿಯಮ ಸಡಿಲಾಗಿದೆ ಎಂಬುದನ್ನು ಪುಣೆಯ ಶಾಸಕರಿಗೆ ಮೊದಲು ತಿಳಿಸಿಹೇಳಬೇಕು.

ದೂರನ್ನು ಕಲಂ ಮಾಡುವುದು

‘ಶೋಷಣೆ ನಿಲ್ಲಿಸಿ’ ಎನ್ನುವುದು ಘೋಷಣೆ. ಶಾಸಕರ ಕೈಗೆ ಕೊಡಬೇಕಾದದ್ದು ನಾಲ್ಕು ಸಾಲು: ಯಾವ ಕಾಯ್ದೆ, ಯಾವ ಕಲಂ, ಈಗ ಏನಿದೆ, ಏನಾಗಬೇಕು. ಮೇಲಿನ ಹೋಟೆಲಿನ ವಿಷಯಕ್ಕೇ ಬಂದರೆ:

ಒಂದು, ಅನ್ವಯದ ಮಿತಿ 10ಕ್ಕಿಂತ ಮೇಲೆ ಹೋಗಬಾರದು.

ಎರಡು, ಒಬ್ಬರೇ ಮಾಲೀಕರ ಎಲ್ಲ ಶಾಖೆಗಳ, ಗುತ್ತಿಗೆಯವರೂ ಸೇರಿದ ಒಟ್ಟು ಸಂಖ್ಯೆಯನ್ನೇ ಹಿಡಿಯಬೇಕು. ಇದಿಲ್ಲದಿದ್ದರೆ 27 ಜನರ ಹೋಟೆಲ್ ಮರುದಿನವೇ ಒಂಬತ್ತೊಂಬತ್ತು ಜನರ ಮೂರು ಹೋಟೆಲ್ ಆಗುತ್ತದೆ. ಬೋರ್ಡೂ ಬದಲಾಗುವುದಿಲ್ಲ, ಪರವಾನಗಿಯ ಹೆಸರಷ್ಟೇ ಬೇರೆ.

ಮೂರು, ವಸತಿ ಕೊಟ್ಟಿರುವ ಕಡೆ ಕೆಲಸದ ಆರಂಭ ಮತ್ತು ಅಂತ್ಯದ ವೇಳೆಯನ್ನು ಬರೆದಿಡಬೇಕು. ಹೋಟೆಲಿನ ಮೇಲಿನ ಮಾಳಿಗೆಯಲ್ಲೇ ಮಲಗುವವನಿಗೆ ಡ್ಯೂಟಿ ಮುಗಿಯುವುದು ಯಾವಾಗ ಎಂದು ಕಾಗದ ಹೇಳದಿದ್ದರೆ ಹೆಚ್ಚುವರಿ ಗಂಟೆಯನ್ನು ಯಾವ ನ್ಯಾಯಾಲಯದಲ್ಲೂ ಸಾಬೀತು ಮಾಡಲಾಗದು.

ಕ್ರಿಯಾಪದದ ಮೇಲೆ ಒಂದು ಕಣ್ಣಿಡಿ. ‘ಸರ್ಕಾರ ಮಂಡಳಿಯನ್ನು ರಚಿಸಬಹುದು’ ಎಂದರೆ ರಚಿಸದೆಯೂ ಇರಬಹುದು. ‘ಕಾಯ್ದೆ ಜಾರಿಗೆ ಬಂದ 90 ದಿನಗಳೊಳಗೆ ರಚಿಸತಕ್ಕದ್ದು’ ಎಂದಿರಬೇಕು. ಹಾಗೆಯೇ ‘ಸರ್ಕಾರ ಗೊತ್ತುಪಡಿಸುವ ದಿನದಂದು ಜಾರಿಗೆ ಬರುತ್ತದೆ’ ಎಂಬ ಒಂದನೇ ಕಲಮಿನ ಸಾಲು ಮುಗ್ಧವಾಗಿ ಕಾಣುತ್ತದೆ, ಆದರೆ ಕಾಯ್ದೆಗಳು ಸಾಯುವುದು ಅಲ್ಲೇ. ಸಂಘಗಳಿಗೆ ಮಾನ್ಯತೆ ಕೊಡುವುದನ್ನು ಕಡ್ಡಾಯ ಮಾಡುವ ತಿದ್ದುಪಡಿ 1947ರಲ್ಲೇ ಪಾಸಾಗಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲೇ ಇಲ್ಲ. ಮಹಾರಾಷ್ಟ್ರದ 1971ರ ಕಾಯ್ದೆಯೂ ಜಾರಿಯಾದದ್ದು 1975ರ ಸೆಪ್ಟೆಂಬರ್‌ನಲ್ಲಿ.

ಕಡತ ಕಟ್ಟುವುದು

ಶಾಸಕರ ಆಪ್ತ ಸಹಾಯಕರು ಓದುವುದು ಮೊದಲ ಪುಟ ಮಾತ್ರ. ಅದರಲ್ಲಿ ಬೇಡಿಕೆಯ ನಾಲ್ಕು ಸಾಲು, ಬಾಧಿತರ ಸಂಖ್ಯೆ, ಆ ಕ್ಷೇತ್ರದ ಮೂರು ಉದಾಹರಣೆ, ಅಷ್ಟೆ. ಹಿಂದೆ ಸಾಕ್ಷ್ಯ: ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಪಿ.ಎಫ್. ಪಾಸ್‌ಬುಕ್, ಇ.ಎಸ್.ಐ. ಕಾರ್ಡ್, ಡ್ಯೂಟಿ ಪಟ್ಟಿಯ ಮೊಬೈಲ್ ಫೋಟೊ. ಕಾರ್ಮಿಕರ ಹೆಸರು, ಫೋನ್ ನಂಬರ್ ಇರುವ ಪುಟಗಳನ್ನು ಶಾಸಕರ ಕಚೇರಿಗೆ ಕೊಡಬೇಡಿ. ಹೆಸರಿಗೆ ಮಸಿ ಬಳಿದು ಕೊಡಿ. ಪ್ರಶ್ನೆ ಕೇಳಿದ ಮೇಲೆ ಇಲಾಖೆಯಿಂದ ಮಾಲೀಕರಿಗೆ ಮಾಹಿತಿ ಹೋಗಲು ಎಷ್ಟು ಹೊತ್ತು ಬೇಕು? ಹೆಸರು ಸಿಕ್ಕವನಿಗೆ ಮಾರನೆಯ ದಿನ ಊರಿಗೆ ಹೋಗುವ ಬಸ್ಸಿನ ಟಿಕೆಟ್ ಕೈಗೆ ಕೊಟ್ಟಿರುತ್ತಾರೆ.

ಸರ್ಕಾರದ ಅಂಕಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ₹10, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ನಮ್ಮವರು ಎಡವುವುದು ಇಲ್ಲಿ, ಹನ್ನೆರಡು ಪ್ರಶ್ನೆ ಒಂದೇ ಹಾಳೆಯಲ್ಲಿ ತುಂಬಿಸಿ. ಇನ್ನೊಂದು, ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಮಾಟುಂಗದಲ್ಲಿ ಎಷ್ಟೇ ಕನ್ನಡ ಕೇಳಿಸಿದರೂ ಮುಂಬೈಯ ಸಚಿವಾಲಯವಾದ ಮಂತ್ರಾಲಯದಲ್ಲಿ ಕನ್ನಡದ ಅರ್ಜಿ ನಡೆಯುವುದಿಲ್ಲ. ಸಭೆ ಕನ್ನಡದಲ್ಲೇ ನಡೆಸಿ, ಬೇಡಿಕೆಯನ್ನು ಕನ್ನಡದಲ್ಲೇ ತೀರ್ಮಾನಿಸಿ, ಕಾಗದ ಮಾತ್ರ ಮರಾಠಿಯಲ್ಲಿ ಬರೆಯಿಸಿ.

ಕಟ್ಟಡ ಕಾರ್ಮಿಕರ ವಿಷಯದಲ್ಲಿ ಕೇಳಬೇಕಾದ ಅಂಕಿ ಸೆಸ್‌ನದ್ದು. ಕಟ್ಟಡದ ನಿರ್ಮಾಣ ವೆಚ್ಚದ ಶೇ 1 ಕಲ್ಯಾಣ ನಿಧಿಗೆ ಬರಬೇಕು. ₹60 ಕೋಟಿಯ ಗೋಪುರ ಎದ್ದರೆ ₹60 ಲಕ್ಷ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಜನ ನೋಂದಾಯಿತರು, ಎಷ್ಟು ಜನರ ನವೀಕರಣ ನಿಂತಿದೆ? ಈ ನಿಧಿ ಕಾರ್ಮಿಕರಿಗೆ ಸಲ್ಲದೆ ಕೊಳೆಯುತ್ತಿರುವುದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಕಟುವಾಗಿ ಟೀಕಿಸಿತ್ತು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣ ಬೇಕು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಬೆಳಿಗ್ಗೆ ನಾಕಾದಲ್ಲಿ (ದಿನಗೂಲಿಗೆ ಕಾಯುವ ಚೌಕದಲ್ಲಿ) ನಿಲ್ಲುವವನಿಗೆ ದಿನಕ್ಕೊಬ್ಬ ಮೇಸ್ತ್ರಿ; 90 ದಿನಕ್ಕೆ ಸಹಿ ಹಾಕುವವರು ಯಾರು? ನೋಂದಾಯಿತ ಸಂಘದ ಪ್ರಮಾಣಪತ್ರವೂ ನಡೆಯಬೇಕು ಎಂದು ಒತ್ತಾಯಿಸುವುದು ಮೂರನೇ ಬುಟ್ಟಿಯ ಬೇಡಿಕೆ. ಒಂದು ಆದೇಶದಲ್ಲಿ ಮುಗಿಯುತ್ತದೆ, ಮೇಲಾಗಿ ಸಂಘಕ್ಕೆ ಸದಸ್ಯರನ್ನೂ ತರುತ್ತದೆ.

ಯಾವ ಶಾಸಕರ ಬಳಿ ಹೋಗಬೇಕು?

ಇಂಡಿ, ಅಫಜಲಪುರ, ಸುರಪುರದ ಮತದಾರ ಪುಣೆಯ ವಾರಜೆಯಲ್ಲಿ ಗಾರೆ ಕಲಸುತ್ತಿದ್ದರೆ ಅವನು ವಾರಜೆಯ ಶಾಸಕರಿಗೆ ಮತವಲ್ಲ. ಇದು ಕಹಿ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತು. ಮೂರು ದಾರಿಗಳಿವೆ. ಕುಟುಂಬ ಸಮೇತ ಇಲ್ಲೇ ನೆಲೆಸಿದವರು ವಿಳಾಸ ಬದಲಾವಣೆಗೆ ಫಾರಂ 8, ಹೊಸಬರು ಫಾರಂ 6 ತುಂಬಲಿ. ಎರಡು ಕಡೆ ಹೆಸರಿಡುವಂತಿಲ್ಲ, ಅದು ಅಪರಾಧ. ಊರಿನ ಮತ ಬಿಡದವರು ಊರಿನ ಶಾಸಕರನ್ನೇ ಹಿಡಿದು, ಕರ್ನಾಟಕದ ಕಾರ್ಮಿಕ ಇಲಾಖೆ ಮಹಾರಾಷ್ಟ್ರ ಅಥವಾ ಗೋವೆಯೊಂದಿಗೆ ಪತ್ರ ವ್ಯವಹಾರ ಮಾಡುವಂತೆ ಬೆಂಗಳೂರು, ಬೆಳಗಾವಿಯ ಅಧಿವೇಶನದಲ್ಲಿ ಪ್ರಶ್ನೆ ಹಾಕಿಸಲಿ. ಮೂರನೆಯದು ಮಹಾರಾಷ್ಟ್ರದ ವಿಧಾನ ಪರಿಷತ್ತು. ಅದರ 78 ಸದಸ್ಯರಿಗೆ ಗಲ್ಲಿ, ವಾರ್ಡಿನ ಒತ್ತಡ ಕಡಿಮೆ. ಶಿಕ್ಷಕರ ಮತಕ್ಷೇತ್ರದಿಂದ ಗೆದ್ದು ಬಂದ 7 ಜನರಿಗಂತೂ ಸಂಘ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಗೋವೆಯ ಲೆಕ್ಕ ಬೇರೆ. ಅಲ್ಲಿ ಪರಿಷತ್ತಿಲ್ಲ, ಇರುವುದು 40 ಶಾಸಕರು, ಬಹುಮತಕ್ಕೆ 21. ಒಬ್ಬ ಶಾಸಕರ ಮಾತಿಗೆ ತೂಕ ಜಾಸ್ತಿ. ಆದರೆ ವಾಸ್ಕೋದ ಬೈನಾ, ಝುವಾರಿನಗರದ ಕನ್ನಡ ಕಾರ್ಮಿಕರ ಬೇಡಿಕೆ ‘ಹೊರಗಿನವರ ಬೇಡಿಕೆ’ ಎಂದು ಹೆಸರು ಪಡೆದರೆ ಅಲ್ಲಿಗೇ ಮುಗಿಯಿತು. ಅರ್ಜಿಯಲ್ಲಿ ಭಾಷೆಯ ಮಾತೇ ಬೇಡ, ಕಸುಬಿನ ಮಾತು ಬರಲಿ: ‘ಬಂದರಿನ ಲೋಡಿಂಗ್ ಕಾರ್ಮಿಕರು’, ‘ವೆರ್ಣಾ ಕೈಗಾರಿಕಾ ವಸಾಹತಿನ ಗುತ್ತಿಗೆ ಕಾರ್ಮಿಕರು’. ಸಹಿ ಹಾಕಿದ ಮೊದಲ ಹತ್ತು ಹೆಸರಲ್ಲಿ ಐದು ಗೋವೆಯವರದೇ ಇರಲಿ. ಕನ್ನಡ ಸಂಘಕ್ಕೆ ಇದು ಸ್ವಲ್ಪ ನುಂಗಲಾರದ ತುತ್ತು, ಗೊತ್ತು.

ಸದನದೊಳಗಿನ ಹತಾರಗಳು

ಮಹಾರಾಷ್ಟ್ರದಲ್ಲಿ ಬಜೆಟ್ ಮತ್ತು ಮಳೆಗಾಲದ ಅಧಿವೇಶನ ಮುಂಬೈಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ಪ್ರಶ್ನೆಗಳನ್ನು ಅಧಿವೇಶನಕ್ಕೆ ವಾರಗಳ ಮೊದಲೇ ಕೊಡಬೇಕಾದ್ದರಿಂದ, ಎರಡು ತಿಂಗಳು ಮುಂಚೆ ಕಡತ ಸಿದ್ಧ ಇರಬೇಕು. ಅಧಿವೇಶನ ಶುರುವಾದ ದಿನ ಶಾಸಕರ ಬಾಗಿಲು ತಟ್ಟುವವರಿಗೆ ಸಿಗುವುದು ಫೋಟೊ ಮಾತ್ರ.

ಪ್ರಶ್ನೆ ಬರೆಯುವುದೊಂದು ಕಲೆ. ‘ಹೋಟೆಲ್ ಕಾರ್ಮಿಕರ ಶೋಷಣೆ ನಡೆಯುತ್ತಿರುವುದು ನಿಜವೇ?’ ಎಂದು ಕೇಳಿದರೆ ಉತ್ತರ ಎರಡು ಪದ: ‘ಖರೇ ನಾಹೀ’ (ನಿಜವಲ್ಲ). ಕೆಳಗಿನ ಉಪಪ್ರಶ್ನೆಗಳಿಗೆಲ್ಲ ‘ಪ್ರಶ್ನ ಉದ್ಭವತ್ ನಾಹೀ’ (ಪ್ರಶ್ನೆ ಏಳುವುದಿಲ್ಲ). ಇಡೀ ಅಧಿವೇಶನದ ಅವಕಾಶ ಹಾಳು. ಅಲ್ಲಗಳೆಯಲಾಗದ ಸಂಗತಿಯಿಂದ ಶುರು ಮಾಡಿ. ‘ಮುಂಬೈ ಉಪನಗರ ಜಿಲ್ಲೆಯಲ್ಲಿ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಎಷ್ಟು ಉಪಾಹಾರ ಗೃಹಗಳ ತಪಾಸಣೆ ಆಯಿತು, ಎಷ್ಟು ಪ್ರಕರಣ ದಾಖಲಾದವು, ಹೆಚ್ಚುವರಿ ಗಂಟೆಯ ಕೂಲಿ ಎಷ್ಟು ವಸೂಲಾಯಿತು, ತಪಾಸಣಾಧಿಕಾರಿಗಳ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು?’ ಕೊನೆಗೆ ರೂಢಿಯ ಸಾಲು: ‘ನಸಲ್ಯಾಸ್, ವಿಲಂಬಾಚೀ ಕಾರಣೇ ಕಾಯ್ ಆಹೇತ?’ ವಿಳಂಬದ ಕಾರಣ ಕೇಳುವ ಈ ಸಾಲಿಗೆ ಸಚಿವರು ಏನಾದರೂ ಬರೆಯಲೇಬೇಕು. ಆ ಬರಹವೇ ಮುಂದಿನ ಹತಾರ. ಗೋವೆಯಲ್ಲಿ ಎಲ್‌ಎಕ್ಯೂ (ವಿಧಾನಸಭಾ ಪ್ರಶ್ನೆ) ಎಂದು ಎಲ್ಲರ ಬಾಯಲ್ಲಿರುವುದು ಇದೇ ಪ್ರಶ್ನೆ.

ತಾರಾಂಕಿತ ಪ್ರಶ್ನೆಗೆ ಸಚಿವರು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಅಂಕಿ ಮಾತ್ರ ಬೇಕಿದ್ದರೆ ಅತಾರಾಂಕಿತ ಸಾಕು. ತುರ್ತು ಇದ್ದರೆ ‘ಲಕ್ಷವೇಧಿ’, ಅಂದರೆ ಗಮನ ಸೆಳೆಯುವ ಸೂಚನೆ. ಕಾರ್ಖಾನೆ ಬೀಗ ಹಾಕಿದ ವಾರದಲ್ಲೇ ಅದು ಬರಬೇಕು. ತಿಂಗಳಾದ ಮೇಲೆ ಬಂದರೆ ತಂಗಳು. ಬಜೆಟ್ ಅಧಿವೇಶನದಲ್ಲಿ ಕಾರ್ಮಿಕ ಇಲಾಖೆ ಕೇಳುವ ಅನುದಾನಕ್ಕೆ ಕಡಿತ ಸೂಚನೆ (ಅದನ್ನು ಕಡಿಮೆ ಮಾಡಿ ಎನ್ನುವ ಸೂಚನೆ) ಕೊಟ್ಟು ತಪಾಸಣಾಧಿಕಾರಿಗಳ ಹುದ್ದೆ, ಕೈಗಾರಿಕಾ ನ್ಯಾಯಾಲಯಗಳ ಖಾಲಿ ಪೀಠದ ಮಾತೆತ್ತಬಹುದು.

ಖಾಸಗಿ ಮಸೂದೆಯ, ಅಂದರೆ ಸಚಿವರಲ್ಲದ ಸದಸ್ಯರು ತರುವ ಮಸೂದೆಯ ಮೇಲೆ ಹೆಚ್ಚು ನಂಬಿಕೆ ಬೇಡ. ಸಂಸತ್ತಿನಲ್ಲಿ ಸ್ವಾತಂತ್ರ್ಯ ಬಂದಂದಿನಿಂದ ಕಾಯ್ದೆಯಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ಸರ್ಕಾರದ ಬೊಕ್ಕಸದಿಂದ ಖರ್ಚಾಗುವಂಥದ್ದಿದ್ದರೆ 207ನೇ ವಿಧಿಯ ಪ್ರಕಾರ ರಾಜ್ಯಪಾಲರ ಶಿಫಾರಸೂ ಬೇಕು. ಹಾಗೆಂದು ಅದು ದಂಡವಲ್ಲ: ಕರಡು ಸಿದ್ಧವಾಗಿರುತ್ತದೆ, ಪಕ್ಷ ಅಧಿಕಾರಕ್ಕೆ ಬಂದ ದಿನ ‘ಅಧ್ಯಯನ ಸಮಿತಿ ರಚಿಸುತ್ತೇವೆ’ ಎನ್ನುವ ನೆಪ ಇರುವುದಿಲ್ಲ.

ನಿಜವಾದ ಕೆಲಸ ನಡೆಯುವುದು ಸರ್ಕಾರಿ ಮಸೂದೆಗೆ ತಿದ್ದುಪಡಿ ಕೊಡುವುದರಲ್ಲಿ. ಅದರಲ್ಲೂ ಸುಗ್ರೀವಾಜ್ಞೆ ಬಂದಾಗ. 213ನೇ ವಿಧಿಯ ಪ್ರಕಾರ ಸುಗ್ರೀವಾಜ್ಞೆಯನ್ನು ಸದನದ ಮುಂದಿಡಲೇಬೇಕು, ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಅದು ಬಿದ್ದುಹೋಗುತ್ತದೆ. ಹಾಗಾಗಿ ಸರ್ಕಾರ ಮಸೂದೆ ತಂದೇ ತರುತ್ತದೆ, ದಿನಾಂಕ ಹೆಚ್ಚುಕಡಿಮೆ ಮೊದಲೇ ಗೊತ್ತು. ಕಲಂವಾರು ತಿದ್ದುಪಡಿಗಳನ್ನು ಬರೆದು, ಪ್ರತಿಯೊಂದಕ್ಕೂ ಪ್ರತ್ಯೇಕ ಮತ ಕೇಳುವುದು ಪಕ್ಷದ ಕೆಲಸ. ಸೋಲುತ್ತದೆ, ಸರಿ. ಯಾರು ಪರ, ಯಾರು ವಿರೋಧ ಎಂಬುದು ದಾಖಲಾಗುತ್ತದೆ, ಮುಂದಿನ ಚುನಾವಣೆಯಲ್ಲಿ ಹೋಟೆಲ್ ಕಾರ್ಮಿಕರಿಗೆ ತೋರಿಸಲು ಒಂದು ಹಾಳೆ ಸಿಗುತ್ತದೆ. ಧ್ವನಿಮತಕ್ಕೆ ಒಪ್ಪಿಕೊಂಡು ಸಭಾತ್ಯಾಗ ಮಾಡುವುದು ಟಿ.ವಿ.ಗೆ ಚೆನ್ನ, ಸಂಘಕ್ಕೆ ಅದರಿಂದ ಏನೂ ಇಲ್ಲ. ಬಹುಮತವಿಲ್ಲದ ಪಕ್ಷಕ್ಕೆ ಇನ್ನೊಂದು ದಾರಿ, ಮಸೂದೆಯನ್ನು ಜಂಟಿ ಸಮಿತಿಗೆ ಒಪ್ಪಿಸಲು ಒತ್ತಾಯಿಸುವುದು. ಸಮಿತಿಯೆದುರು ಸಂಘವೇ ಸಾಕ್ಷಿ ಹೇಳಬಹುದು.

ಯಾವ ಮಾದರಿಯ ಕಾಯ್ದೆ ಕೇಳಬೇಕು?

ಮುಂಬೈ ನೆಲದಲ್ಲೇ ಬೆಳೆದ ಒಂದು ಮಾದರಿ ಇದೆ: 1969ರ ಮಾಥಾಡಿ (ತಲೆಹೊರೆ), ಹಮಾಲ ಕಾರ್ಮಿಕರ ಕಾಯ್ದೆ. ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಹೋರಾಟದ ಫಲ. ಇವತ್ತು ಒಬ್ಬ ವ್ಯಾಪಾರಿಯ ಮೂಟೆ, ನಾಳೆ ಇನ್ನೊಬ್ಬನದು ಹೊರುವವನಿಗೆ ಮಾಲೀಕ ಯಾರು ಎಂಬ ಪ್ರಶ್ನೆಯನ್ನು ಈ ಕಾಯ್ದೆ ಜಾಣತನದಿಂದ ಬಗೆಹರಿಸಿತು. ಕಾರ್ಮಿಕನೂ ವ್ಯಾಪಾರಿಯೂ ಮಂಡಳಿಯಲ್ಲಿ ನೋಂದಾಯಿಸಬೇಕು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಶೇಕಡವಾರು ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ, ಭವಿಷ್ಯ ನಿಧಿ, ಬೋನಸ್, ರಜೆಯ ಹಣ ಆ ಲೆವಿಯಿಂದ. ಮಂಡಳಿಯಲ್ಲಿ ಕಾರ್ಮಿಕರು, ಮಾಲೀಕರು, ಸರ್ಕಾರ ಮೂರೂ ಪಕ್ಷದವರು. 1981ರಲ್ಲಿ ಖಾಸಗಿ ಭದ್ರತಾ ಕಾವಲುಗಾರರಿಗೂ ಇದೇ ಅಚ್ಚಿನ ಕಾಯ್ದೆ ಬಂತು. ಕರ್ನಾಟಕ 2025ರಲ್ಲಿ ಗಿಗ್ (ಆ್ಯಪ್ ಮೂಲಕ ದುಡಿಯುವ) ಕಾರ್ಮಿಕರಿಗೆ ಮಾಡಿದ ಕಾಯ್ದೆಯೂ ಈ ದಾರಿಯದೇ: ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಪುಣೆಯಲ್ಲಿ ಡೆಲಿವರಿ ಮಾಡುವ ಕನ್ನಡದ ಹುಡುಗರು ಅದರ ಪ್ರತಿಯನ್ನೇ ಮರಾಠಿಗೆ ಮಾಡಿಸಿ ಶಾಸಕರ ಕೈಗಿಡಬಹುದು.

ನಾಕಾ ಕಾರ್ಮಿಕರಿಗೆ, ಹೋಟೆಲಿಂದ ಹೋಟೆಲಿಗೆ ಅಲೆಯುವ ಮಾಣಿಗಳಿಗೆ ಈ ಅಚ್ಚು ಹೊಂದುತ್ತದೆ. ಕೆಡುವುದು ಮೂರು ಕಡೆ. ಮಂಡಳಿಗೆ ಸದಸ್ಯರ ನೇಮಕವೇ ಆಗದೆ ಅಧಿಕಾರಿಯೊಬ್ಬರ ಕೈಗೆ ಹೋಗುವುದು. ಸರ್ಕಾರ ಒಂದೊಂದಾಗಿ ವಿನಾಯಿತಿ ಕೊಡುತ್ತಾ ಹೋಗುವುದು. ಕೆಲಸವನ್ನೇ ಮಾಡದವರು ಸಂಘದ ಹೆಸರಲ್ಲಿ ವಸೂಲಿಗೆ ಇಳಿಯುವುದು. ಹುದ್ದೆ ತೆರವಾದ 60 ದಿನದಲ್ಲಿ ಮರುನೇಮಕ, ವಿನಾಯಿತಿಗೆ ಮಂಡಳಿಯ ಒಪ್ಪಿಗೆ, ಹಣವೆಲ್ಲ ಬ್ಯಾಂಕಿನ ಮೂಲಕವೇ ಎಂಬ ಮೂರು ಕಲಮುಗಳು ಕರಡಿನಲ್ಲಿ ಇರಲೇಬೇಕು.

ಪಕ್ಷದ ಬಾಲ ಆಗಬಾರದು

ಪಕ್ಷ ಸಂಘಕ್ಕೆ ಕಾಯ್ದೆಯ ಬಲ ಕೊಡಬೇಕು, ತನ್ನ ಸಂಘಕ್ಕೆ ಮಾತ್ರ ಕೊಡಬಾರದು. ಇದಕ್ಕೆ ಮುಂಬೈ ತೆತ್ತ ಬೆಲೆ ಬಟ್ಟೆ ಗಿರಣಿಗಳ ಕಥೆ. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆ ಗಿರಣಿ ಉದ್ಯಮಕ್ಕೆ ಒಂದೇ ‘ಪ್ರಾತಿನಿಧಿಕ ಸಂಘ’ವನ್ನು ಗೊತ್ತುಮಾಡಿತು. ಆ ಸ್ಥಾನ ಕಾಂಗ್ರೆಸ್ ಬೆಂಬಲದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದು. ಕಾರ್ಮಿಕರ ಮನಸ್ಸು ಬೇರೆಡೆ ಹರಿದಾಗಲೂ ಕಾಯ್ದೆಯ ಕುರ್ಚಿ ಅಲ್ಲಾಡಲಿಲ್ಲ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರ ಹೂಡಿ ಹೊರಬಂದಾಗ ಆ ಕಾಯ್ದೆಯ ರದ್ದತಿಯೂ ಬೇಡಿಕೆಗಳಲ್ಲಿ ಒಂದಾಗಿತ್ತು. ಮಾತಾಡಬೇಕಾದ ಸಂಘಕ್ಕೆ ಕಾನೂನಿನ ಹಕ್ಕಿರಲಿಲ್ಲ, ಹಕ್ಕಿದ್ದ ಸಂಘದ ಹಿಂದೆ ಕಾರ್ಮಿಕರಿರಲಿಲ್ಲ. ಮಾನ್ಯತೆಗೆ ರಹಸ್ಯ ಮತದಾನ, ನಿಗದಿತ ಅವಧಿಗೊಮ್ಮೆ ಮರುಮತದಾನ ಎಂದು ಪಕ್ಷದ ಪ್ರಣಾಳಿಕೆಯಲ್ಲಿ ಬರೆಸಿ. ಒಪ್ಪದ ಪಕ್ಷಕ್ಕೆ ತನ್ನ ಸಂಘದ ಮೇಲೆಯೇ ನಂಬಿಕೆಯಿಲ್ಲ ಎಂದರ್ಥ.

ಕೆಲವು ಗೆರೆಗಳನ್ನು ಕಾನೂನೇ ಎಳೆದಿದೆ. ಸಂಘದ ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ. ಅಸಂಘಟಿತ ವಲಯದಲ್ಲಿ ಅರ್ಧದವರೆಗೆ. ಶಾಸಕರು ಆ ಪಾಲಿನಲ್ಲಿ ಬರಬಹುದು, ಸಚಿವರು ಬರುವಂತಿಲ್ಲ. ಅಧ್ಯಕ್ಷರಾಗಿದ್ದ ಶಾಸಕರು ಮಂತ್ರಿಯಾದ ದಿನವೇ ರಾಜೀನಾಮೆ ಪಡೆಯಿರಿ, ಇಲ್ಲದಿದ್ದರೆ ಮುಂದಿನ ಒಪ್ಪಂದದ ಸಹಿಯನ್ನೇ ಮಾಲೀಕರು ಪ್ರಶ್ನಿಸುತ್ತಾರೆ. ರಾಜಕೀಯ ಕೆಲಸಕ್ಕೆ ಪ್ರತ್ಯೇಕ ನಿಧಿ ಬೇಕು, ಅದಕ್ಕೆ ಚಂದಾ ಸ್ವಇಚ್ಛೆಯದು, ಕೊಡದವನ ಸದಸ್ಯತ್ವಕ್ಕೆ ಏನೂ ಮಾಡುವಂತಿಲ್ಲ. ಸಾಮಾನ್ಯ ನಿಧಿಯಿಂದ ಪಕ್ಷದ ಬ್ಯಾನರಿಗೆ ಹಣ ಹೋದರೆ ಲೆಕ್ಕಪರಿಶೋಧನೆಯಲ್ಲಿ ಸಂಘದ ನೋಂದಣಿಗೇ ಕುತ್ತು.

ಪಾಸಾದ ಮೇಲೆ

ಸದನದಲ್ಲಿ ಮಸೂದೆ ಪಾಸಾದ ದಿನ ಗುಲಾಲು ಎರಚಬೇಡಿ. ಪರಿಷತ್ತು, ರಾಜ್ಯಪಾಲರ ಅಂಕಿತ, ಬೇಕಿದ್ದರೆ ರಾಷ್ಟ್ರಪತಿಗಳದು, ರಾಜ್ಯಪತ್ರ, ಜಾರಿಯ ಅಧಿಸೂಚನೆ, ನಿಯಮ, ಮಂಡಳಿ, ಬಜೆಟ್ಟಿನಲ್ಲಿ ಹಣ: ಇಷ್ಟೂ ಬಾಕಿ. ಒಂದು ಹಾಳೆಯಲ್ಲಿ ಈ ಎಂಟು ಸಾಲು ಬರೆದು, ಎದುರಿಗೆ ದಿನಾಂಕದ ಜಾಗ ಖಾಲಿ ಬಿಟ್ಟು ಸಂಘದ ಕಚೇರಿಯ ಗೋಡೆಗೆ ಅಂಟಿಸಿ. ತಿಂಗಳಿಗೊಮ್ಮೆ ತುಂಬಿಸುವ ಜವಾಬ್ದಾರಿ ಒಬ್ಬರ ಹೆಸರಿಗೇ ಇರಲಿ.

ಸಚಿವರು ಸದನದಲ್ಲಿ ‘ಮೂರು ತಿಂಗಳಲ್ಲಿ ನಿಯಮ ಮಾಡುತ್ತೇವೆ’ ಎಂದಿದ್ದರೆ ಅದು ಆಶ್ವಾಸನೆ. ಅದನ್ನು ಬೆನ್ನಟ್ಟಲೆಂದೇ ಆಶ್ವಾಸನ ಸಮಿತಿ ಇದೆ. ನಿಯಮಗಳು ಕಾಯ್ದೆಯ ಮಿತಿ ಮೀರಿದರೆ ನೋಡಲು ಅಧೀನ ಶಾಸನ ಸಮಿತಿ ಇದೆ. ಎರಡಕ್ಕೂ ಹೋಗುವಾಗ ಬೇಕಾದದ್ದು ಆವತ್ತಿನ ಕಲಾಪದ ಅಧಿಕೃತ ವರದಿಯ ಆ ಪುಟ. ಪತ್ರಿಕೆಯ ತುಣುಕು ಅಲ್ಲಿ ನಡೆಯುವುದಿಲ್ಲ. ಸಚಿವರು ಹೇಳಿದ ವಾರದಲ್ಲೇ ಶಾಸಕರ ಕಚೇರಿಯಿಂದ ಪ್ರತಿ ತೆಗೆದುಕೊಂಡು, ದಿನಾಂಕಕ್ಕೆ ಕೆಂಪು ಗೆರೆ ಎಳೆದು, ಮೂರು ತಿಂಗಳಾದ ಮರುದಿನದ ಪತ್ರವನ್ನೂ ಈಗಲೇ ಬರೆದು ಕಡತದಲ್ಲಿಡಿ.